ಕೊಂಬಿಲ್ಲದ ಆನೆ

ಬೆಂಗಳೂರಿನ ವಿಮಾನ ನಿಲ್ದಾಣದಿಂದ ಹೊರಟ ಆಂಬುಲೆನ್ಸು ಚನ್ನರಾಯಪಟ್ಟಣ ಮುಟ್ಟಿದಾಗ ಬೆಳಗಿನ ಹತ್ತೂವರೆ. ಡ್ರೈವರು ಹೈವೇ ಪಕ್ಕದ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ, "ಒಂದ್ ಲೋಟ ಕಾಫಿ ಕುಡ್ಕ ಬಂದ್ಬುಡ್ತೀನಿ ಸಾ," ಎಂದು ಇಳಿದ. ಹಿಂದೆ ಹೆಣದ ಪೆಟ್ಟಿಗೆ ಇಟ್ಟುಕೊಂಡು ಇವನ ಗಂಟಲಲ್ಲಿ ಕಾಫಿ ಹೇಗೆ ಇಳಿಯುತ್ತದೋ ಎಂದು ಮಧುಕುಮಾರನಿಗೆ ಮೈಯೆಲ್ಲ ಉರಿಯಿತು. ಆದರೆ ಅವನ ಹೊಟ್ಟೆಯೂ ಹಿಂದಿನ ಮಧ್ಯಾಹ್ನದಿಂದ ಖಾಲಿ. ಹೊಟ್ಟೆಗೆಲ್ಲಿಯ ಮಾನ ಮರ್ಯಾದೆ? ಅವನೂ ಇಳಿದು ಹೋಗಿ ಎರಡು ಇಡ್ಲಿ ತಿಂದ.

ಹೋಟೆಲಿನ ಟೀವಿಯಲ್ಲಿ ಅನಿಲ್‌ಕುಮಾರನ ಮದುವೆಯ ಫೋಟೋ ಬರುತ್ತಿತ್ತು. ಕೆಳಗೆ ಕೆಂಪು ಪಟ್ಟಿಯಲ್ಲಿ, ‘ಶ್ರೀಲಂಕಾದಲ್ಲಿ ಸೆಲ್ಫಿ ಹುಚ್ಚು: ಆನೆಗೆ ಬಲಿಯಾದ ಹೊಳೆನರಸೀಪುರದ ಯುವಕ, ಇಂದು ಹುಟ್ಟೂರಿಗೆ ಶವ’. ಪಕ್ಕದ ಮೇಜಿನಲ್ಲಿ ದಪ್ಪ ಮೀಸೆಯವನೊಬ್ಬ ವಡೆ ಮುರಿಯುತ್ತಾ, "ತಿಂದಿದ್ದು ಅರಗ್ದೆ ಇದ್ರೆ ಇಂಗೇ ಆಗದು ಕಣ್ರೀ. ಆನೆ ಜೊತೆ ಸೆಲ್ಫಿಯಂತೆ, ಸೆಲ್ಫಿ!" ಎಂದ. ಸುತ್ತ ಕೂತಿದ್ದ ನಾಲ್ಕು ಜನ ನಕ್ಕರು. ಮಧು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನ ಶರ್ಟಿನ ಒಳಜೇಬಿನಲ್ಲಿ ಅನಿಲನ ಫೋನಿತ್ತು. ಅದು ಆನೆಯ ಕಾಲಡಿ ಪುಡಿಪುಡಿಯಾಯಿತು ಎಂದು ಅವನು ಅಲ್ಲಿಯ ಪೊಲೀಸರಿಗೂ ಇಲ್ಲಿಯ ಮನೆಯವರಿಗೂ ಹೇಳಿದ್ದ. ಗಾಜಿನ ಮೇಲೆ ಒಂದು ಗೀರು ಬಿಟ್ಟರೆ ಆ ಫೋನಿಗೆ ಏನೂ ಆಗಿರಲಿಲ್ಲ.

ಮಧು ಅರಕಲಗೂಡು ತಾಲ್ಲೂಕಿನವನು. ಮಲ್ಲಿಪಟ್ಟಣದಾಚೆ, ಆನೆಗಳು ಬಂದು ಹೋಗುವ ಸೀಮೆಯ ಊರು. ಆರು ವರ್ಷದಿಂದ ಅವನದು ಆನೆ ಕಾಯುವ ಕೆಲಸ. ಬೆಳಗಾದರೆ ಹೆಜ್ಜೆ, ಲದ್ದಿ ನೋಡಿಕೊಂಡು ಹಿಂದೆ ಹೋಗಬೇಕು, ಎಲ್ಲಿ ನಿಂತಿವೆ ಎಂದು ಪತ್ತೆ ಮಾಡಿ ಸುತ್ತಲಿನ ಊರುಗಳ ವಾಟ್ಸಾಪ್ ಗುಂಪುಗಳಿಗೆ ಹೇಳಬೇಕು: ‘ಕೊಂಬು ಎರಡು, ಹೆಣ್ಣು ಮೂರು, ಮರಿ ಒಂದು, ಇಂಥವರ ಕಾಫಿ ತೋಟದಲ್ಲಿವೆ, ಆ ಕಡೆ ಯಾರೂ ಸುಳಿಯಬೇಡಿ.’ ದೂರದಿಂದ ಎಲೆಗಳ ಸಂದಿಯಲ್ಲಿ ಎಣಿಸುವವರಿಗೆ ಗುರುತು ಸುಲಭ. ಕೊಂಬು ಕಂಡರೆ ಗಂಡು, ಕಾಣದಿದ್ದರೆ ಹೆಣ್ಣು. ಕೊಂಬಿಲ್ಲದ ಗಂಡಾನೆ ಇಲ್ಲವೇ ಇಲ್ಲವೆಂದಲ್ಲ. ಆ ಇಡೀ ಸೀಮೆಗೆ ಅಂಥದ್ದು ಒಂದಿತ್ತು, ಅದಕ್ಕೆ ‘ಬೋಳ’ ಎಂದು ಹೆಸರಿಟ್ಟಿದ್ದರು, ಒಂದನೇ ಕ್ಲಾಸಿನ ಮಕ್ಕಳೂ ಅದರ ಗುರುತು ಹೇಳುತ್ತಿದ್ದರು. ಮಧುವಿನ ಮಾತು ನಂಬಿಕೊಂಡು ಜನ ಶುಂಠಿ ಹೊಲಕ್ಕೆ ಇಳಿಯುತ್ತಿದ್ದರು, ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದರು. ಆರು ವರ್ಷದಲ್ಲಿ ಒಂದು ಸಲವೂ ಅವನ ಮಾತು ಸುಳ್ಳಾಗಿರಲಿಲ್ಲ. ಹಾಗಾಗಿ ಅವನಿಗೆ ಒಂದಿಷ್ಟು ಜಂಬ ಬಂದಿತ್ತು. ಬರದೇ ಇರುವುದಕ್ಕೆ ಅವನೇನು ದೇವರೇ?

ಅನಿಲ ಹೊಳೆನರಸೀಪುರದ ತೆಂಗಿನಕಾಯಿ ಮಂಡಿ ತಿಮ್ಮಪ್ಪನವರ ಒಬ್ಬನೇ ಮಗ. ಪಿಯುಸಿ ಓದುವಾಗ ಇಬ್ಬರಿಗೂ ಒಂದೇ ಬೆಂಚು, ಒಂದೇ ಕಬಡ್ಡಿ ತಂಡ. ತಿಮ್ಮಪ್ಪನವರ ಮನೆಯಲ್ಲಿ ಮಧುವಿಗೆ ಜಗಲಿಯವರೆಗೆ ಸಲಿಗೆ. ಅವನಿಗೆ ಕಾಫಿ ಪೇಪರ್ ಲೋಟದಲ್ಲಿ ಬರುತ್ತಿತ್ತು. ಅದನ್ನು ಒಂದು ಸಲ ಕಂಡ ಮೇಲೆ ಅನಿಲನೂ ಒಳಗೆ ಹೋಗಿ ತನಗೊಂದು ಪೇಪರ್ ಲೋಟವನ್ನೇ ತಂದುಕೊಳ್ಳುತ್ತಿದ್ದ. ಹದಿನೈದು ವರ್ಷ ಇಬ್ಬರೂ ಹಾಗೇ ಕುಡಿದರು, ಆ ವಿಷಯ ಒಂದು ದಿನವೂ ಬಾಯಿಬಿಟ್ಟು ಆಡಲಿಲ್ಲ.

ಮೂವತ್ತಮೂರು ತುಂಬಿದ ಮೇಲೆ ಅನಿಲನಿಗೆ ಒಂದು ಹುಚ್ಚು ಹತ್ತಿತು. ಬೆನ್ನಿಗೆ ಚೀಲ ಏರಿಸಿಕೊಂಡು, ಸಿಕ್ಕ ಬಸ್ಸು ಹತ್ತಿಕೊಂಡು, ಕಂಡ ಕಡೆ ಮಲಗಿಕೊಂಡು ಒಂದು ದೇಶ ಸುತ್ತಬೇಕು. ಮಂಡಿಯಲ್ಲಿ ಕಾಯಿ ರಾಶಿಯ ಮೇಲೆ ಕೂತು ಫೋನಿನಲ್ಲಿ ಅಂಥವರ ವಿಡಿಯೋಗಳನ್ನೇ ನೋಡುತ್ತಿದ್ದ. "ಕಡ್ಲು, ಕಾಡು, ಬೆಟ್ಟ ಮೂರೂ ಹದಿನೈದೇ ದಿನದಲ್ಲಿ ಸಿಕ್ಕೋದು ಅಂದ್ರೆ ಲಂಕೇಲೇ ಕಣ್ಲಾ," ಎಂದು ಮಧುವಿನ ಬೆನ್ನು ಬಿದ್ದ. ಅವನ ಹೆಂಡತಿ ಮೇಘಶ್ರೀ, ಹೈಸ್ಕೂಲಿನ ಟೀಚರು, ಮಧುವನ್ನು ಜಗಲಿಯಲ್ಲಿ ನಿಲ್ಲಿಸಿಕೊಂಡು ಹೇಳಿದಳು: "ಇವ್ರಿಗೆ ಮೈಮೇಲೆ ಎಚ್ಚರ ಇರಲ್ಲ ಅಂತ ನಿಮಗೇ ಗೊತ್ತಲ್ಲ ಮಧಣ್ಣ. ಎಲ್ಲಿ ಕಾಲಿಡಬೇಕು ಅಂತ ತಿಳಿಯಲ್ಲ. ನೀವು ಜೊತೆಗಿದ್ರೆ ಮಾತ್ರ ಕಳಿಸ್ತೀನಿ." ಅನಿಲನ ತಾಯಿ ಅನಸೂಯಮ್ಮನದು ಬೇರೆಯೇ ಷರತ್ತು. "ಫೋನಲ್ಲಿ ಚೆನ್ನಾಗಿವ್ನಿ ಅಂದ್ರೆ ನಾನ್ ನಂಬಕ್ಕಿಲ್ಲ. ದಿನಾ ಒಂದ್ ವಿಡಿಯೋ ಕಳ್ಸ್ಬೇಕು. ನಿನ್ ಮಕ ಕಾಣ್ಬೇಕು, ದನಿ ಕೇಳ್ಬೇಕು."

ಹಾಸನಕ್ಕೆ ಹೋಗಿ ಇಬ್ಬರಿಗೂ ಚೀಲ ತಂದರು. ಅಂಗಡಿಯವನು ಅದನ್ನು ಅರವತ್ತು ಲೀಟರಿನದು ಎಂದಾಗ, "ಡೈರಿಗೆ ಹಾಲ್ ಹಾಕಕ್ ಓಯ್ತಿದೀವೇನ್ಲಾ?" ಎಂದು ಮಧು ನಕ್ಕಿದ್ದ.

ಹನ್ನೊಂದು ದಿನ ಚೆನ್ನಾಗಿಯೇ ಕಳೆದವು. ವೆಲಿಗಾಮದ ಕಡಲಿನಲ್ಲಿ ಸರ್ಫಿಂಗ್ ಹಲಗೆಯ ಮೇಲೆ ನಿಲ್ಲುವುದನ್ನು ಕಲಿಯಲು ಹೋಗಿ ಇಬ್ಬರೂ ಹೊಟ್ಟೆ ತುಂಬ ಉಪ್ಪುನೀರು ಕುಡಿದರು. ಕಿತುಲ್‌ಗಲದ ಹೊಳೆಯಲ್ಲಿ ರಬ್ಬರ್ ದೋಣಿ ಮಗುಚಿದಾಗ ಅನಿಲನನ್ನು ಜುಟ್ಟು ಹಿಡಿದು ಮೇಲೆತ್ತಿದ್ದು ಮಧು. ಸಂತೆ ಕಂಡಲ್ಲೆಲ್ಲ ಅನಿಲ ನಿಂತು, ತೆಂಗಿನಕಾಯಿ ಕೈಗೆತ್ತಿಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ, "ನೀರ್ ಕಮ್ಮಿ, ತಿರುಳು ಗಟ್ಟಿ, ತಿಪಟೂರಿಗ್ ಆಯ್ತದೆ," ಎಂದು ಅಲ್ಲಿಯ ಮುದುಕಿಯರಿಗೆ ಕನ್ನಡದಲ್ಲಿ ತೀರ್ಪು ಕೊಡುತ್ತಿದ್ದ. ದಿನವೂ ಅಮ್ಮನಿಗೆ ವಿಡಿಯೋ ಹೋಗುತ್ತಿತ್ತು. ಎಲ್ಲದರ ಮೊದಲ ಮಾತೂ ಒಂದೇ: "ಅಮ್ಮಾ, ಬದುಕಿವ್ನಿ, ನೋಡ್ಕೊ." ಆಮೇಲೆ ಫೋನು ತಿರುಗಿಸಿ ಕಡಲನ್ನೋ ಜಲಪಾತವನ್ನೋ ತೋರಿಸುತ್ತಿದ್ದ. ಮಧುವಿಗೂ ಅಷ್ಟು ನಗು ಬಂದ ದಿನಗಳು ಅದಕ್ಕೆ ಮುಂಚೆ ಇರಲಿಲ್ಲ. ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು, ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದರು.

ಹನ್ನೆರಡನೆಯ ದಿನ ಕಾಡಿಗೆ ಹೋದರು. ಸಫಾರಿ ಜೀಪಿನ ಗೈಡು ಇಂಗ್ಲಿಷಿನಲ್ಲಿ ಆನೆಗಳ ವಿಷಯ ಹೇಳುತ್ತಿದ್ದ. ಅನಿಲ ಕಿವಿಗೊಟ್ಟು ಕೇಳುತ್ತಿದ್ದ. ಮಧು ಕೇಳಲಿಲ್ಲ. ಆನೆಯ ವಿಷಯ ತನಗೆ ಇನ್ನೊಬ್ಬ ಹೇಳುವುದೇ? ತಮ್ಮ ಕಡೆಯ ಆನೆಗಳ ಕತೆಯನ್ನು ಅವನೇ ಅನಿಲನ ಇನ್ನೊಂದು ಕಿವಿಗೆ ಹೇಳುತ್ತಿದ್ದ.

ಮಾರನೆಯ ದಿನ ಮಧ್ಯಾಹ್ನ ನಾಲ್ಕರ ಸುಮಾರಿಗೆ ಕೆಂಪು ಬಸ್ಸೊಂದು ಅವರನ್ನು ಕಾಡಂಚಿನ ಕ್ರಾಸಿನಲ್ಲಿ ಇಳಿಸಿ ಹೋಯಿತು. ಉಳಿಯುವ ಮನೆ ಎರಡು ಕಿಲೋಮೀಟರು. ಒಂದು ಬದಿಗೆ ಕಾಡಿನ ಕರೆಂಟು ಬೇಲಿ, ಇನ್ನೊಂದು ಬದಿಗೆ ಪೊದೆ. ಅರ್ಧ ದಾರಿ ನಡೆದಿರಬೇಕು, ಬೇಲಿಯಿಂದ ಈಚೆಗೆ, ಪೊದೆಯ ಹಿಂದೆ ಅರ್ಧ ಮರೆಯಾಗಿ ಒಂದು ಆನೆ ನಿಂತಿತ್ತು. ಅನಿಲ ಮುಂದಿದ್ದ. ಮಧು ಹತ್ತು ಹೆಜ್ಜೆ ಹಿಂದೆ, ಮೋರಿಯ ಹತ್ತಿರ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದ. ಅಮ್ಮನ ಆ ದಿನದ ಪಾಲು ಬಾಕಿಯಿತ್ತು, ಅನಿಲ ಫೋನು ತೆಗೆದ.

"ಅಮ್ಮಾ, ಬದುಕಿವ್ನಿ, ನೋಡ್ಕೊ. ಇವತ್ತು ಯಾರ್ ಬಂದವ್ರೆ ನೋಡು." ಫೋನನ್ನು ಆನೆಯ ಕಡೆ ತಿರುಗಿಸಿದವನು ಸ್ವಲ್ಪ ಹೊತ್ತಿಗೇ ದನಿ ತಗ್ಗಿಸಿದ. "ಲೇ ಮಧು, ಹಿಂದಿಕ್ ಓಗನ ಕಣ್ಲಾ. ಯಾಕೋ ಸರಿಗಿಲ್ಲ."

ಮಧು ತಲೆ ಎತ್ತಿ ನೋಡಿದ. ಕೊಂಬು ಕಾಣಲಿಲ್ಲ. ಆರು ವರ್ಷ ನೋಡಿದ ಕಣ್ಣು ಒಂದೇ ಕ್ಷಣದಲ್ಲಿ ತೀರ್ಮಾನ ಮಾಡಿಬಿಟ್ಟಿತು. "ಸುಮ್ಕೆ ನಿಂತ್ಕೊ. ಹೆಣ್ಣಾನೆ ಅದು, ಏನೂ ಮಾಡಕ್ಕಿಲ್ಲ."

"ನೆನ್ನೆ ಗೈಡು ಹೇಳ್ಲಿಲ್ವಾ, ಇಲ್ಲಿ ಗಂಡ್ಗೂ ಕೊಂಬಿರಕ್ಕಿಲ್ಲ ಅಂತ?"

"ಗೈಡ್ಗೇನ್ ಗೊತ್ತು, ತೌಡು! ಓಡಿದ್ರೆ ಅಟ್ಟುಸ್ಕ ಬತ್ತದೆ. ಹೆಣ್ಣು ಓಡ್ಬಂದ್ರೂ ಬರೀ ಹೆದ್ರುಸ್ತದೆ, ಅರ್ಧಕ್ಕೇ ನಿಲ್ತದೆ. ನೀ ಅಲ್ಲಾಡ್ಬ್ಯಾಡ."

"ಸರಿ ಬುಡು, ನೀ ಹೇಳ್ದಂಗೆ," ಎಂದ ಅನಿಲ.

ಆನೆ ಪೊದೆ ಸೀಳಿಕೊಂಡು ಈಚೆ ನುಗ್ಗಿದಾಗ ಅದರ ಉಬ್ಬಿದ ಹಣೆ ಕಂಡಿತು, ಕಪೋಲದಿಂದ ಬಾಯಿಯವರೆಗೆ ಇಳಿದಿದ್ದ ಮದದ ಕಪ್ಪು ಪಟ್ಟೆ ಕಂಡಿತು. ಆನೆ ಅರ್ಧಕ್ಕೆ ನಿಲ್ಲಲಿಲ್ಲ. "ನಿಲ್ತದೆ, ನಿಲ್ತದೆ," ಎಂದು ಮಧು ಎರಡು ಸಲ ಅಂದ. ಮೂರನೆಯ ಸಲ ಅನ್ನಲು ಅವನು ಅಲ್ಲಿರಲಿಲ್ಲ. ಅವನ ಕಾಲು ಅವನನ್ನು ಕೇಳದೆಯೇ ತಿರುಗಿ ಓಡಿ ಮೋರಿಯೊಳಗೆ ಇಳಿದಿತ್ತು. ಅಲ್ಲಾಡಬೇಡ ಎಂದು ಹೇಳಿಸಿಕೊಂಡವನು ಕೊನೆಯವರೆಗೂ ನಿಂತೇ ಇದ್ದ. ಕೊನೆಗೆ "ಮಧೂ" ಎಂದು ಒಂದು ಸಲ ಕೂಗಿದ, ಅಷ್ಟೇ.

ಟ್ರ್ಯಾಕ್ಟರಿನಲ್ಲಿ ಜನ ಬಂದು ಪಟಾಕಿ ಹಚ್ಚಿ ಆನೆಯನ್ನು ಓಡಿಸಿದ ಮೇಲೆ, ರಸ್ತೆ ಬದಿಯ ಹುಲ್ಲಿನಲ್ಲಿ ಬಿದ್ದಿದ್ದ ಫೋನನ್ನು ಮಧು ಯಾರ ಕಣ್ಣಿಗೂ ಬೀಳದಂತೆ ಎತ್ತಿ ಜೇಬಿಗಿಟ್ಟುಕೊಂಡ. ಯಾಕೆ ಇಟ್ಟುಕೊಂಡೆ ಎಂದು ಆಗ ಕೇಳಿದ್ದರೆ ಹೇಳಲು ಅವನಿಗೆ ತಿಳಿಯುತ್ತಿರಲಿಲ್ಲ. ಬಂದವರಲ್ಲಿ ಕಾಡಿನ ಇಲಾಖೆಯ ಮುದುಕನೊಬ್ಬ ಮಧುವಿನ ಹೆಗಲ ಮೇಲೆ ಕೈಯಿಟ್ಟು, ಅವನಿಗೆ ತಿಳಿಯುವಂತೆ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದ: ಇದು ಗಂಡು, ಮದ ಬಂದಿತ್ತು, ನಮ್ಮ ಕಡೆ ಹತ್ತು ಗಂಡಾನೆಯಲ್ಲಿ ಒಂಬತ್ತಕ್ಕೆ ಕೊಂಬಿರುವುದಿಲ್ಲ.

ಠಾಣೆಯಲ್ಲಿ ಹುಡುಗು ಪ್ರಾಯದ ಪೊಲೀಸಿನವನು ಹೇಗಾಯಿತು ಎಂದು ಕೇಳಿದ. ಮಧುವಿಗೆ ಬಾಯಿ ಬರಲಿಲ್ಲ. ಪೊಲೀಸಿನವನು ತಾನೇ ಕೈಯನ್ನು ಮುಂದೆ ಚಾಚಿ ಹಿಡಿದು, "ಸೆಲ್ಫಿ?" ಎಂದ. ಮಧು ತಲೆಯಾಡಿಸಿದ.

ಆ ಒಂದು ತಲೆಯಾಡಿಸುವಿಕೆ ಕಾಗದಕ್ಕೆ ಇಳಿಯಿತು. ಕಾಗದದಿಂದ ಪೇಪರಿಗೆ, ಪೇಪರಿನಿಂದ ಚನ್ನರಾಯಪಟ್ಟಣದ ಹೋಟೆಲಿನ ಟೀವಿಗೆ ಬರಲು ಐದು ದಿನ ಹಿಡಿಯಿತು.

ಅನಿಲನನ್ನು ಹೊಳೆ ದಂಡೆಯ ಅವರದೇ ತೆಂಗಿನ ತೋಟದಲ್ಲಿ ಮಣ್ಣು ಮಾಡಿದರು. ಹೂಳುವಾಗ ಪೆಟ್ಟಿಗೆಯ ಮುಚ್ಚಳ ತೆಗೆಯಬೇಡಿ ಎಂದು ಮಧುವೇ ಎಲ್ಲರಿಗೂ ಕೈಮುಗಿದ. ಸಾವಿಗೆ ಬಂದವರು ಅತ್ತರು, ಹಿಂದೆ ಸರಿದು ನಿಂತು ಪಿಸುಗುಟ್ಟಿದರು. ಮನೆ ಮಠ ಇರುವವನಿಗೆ ಇದೆಲ್ಲ ಯಾಕೆ ಬೇಕಿತ್ತು ಎನ್ನುವವರು ಕೆಲವರು, ಈಗಿನವರ ಫೋನಿಗಿಷ್ಟು ಬೆಂಕಿ ಹಾಕ ಎನ್ನುವವರು ಹಲವರು. ಸತ್ತವನಿಗೆ ಮರುಕ ತೋರಿಸುವುದಕ್ಕಿಂತ ಬುದ್ಧಿ ಹೇಳುವುದರಲ್ಲಿ ಜನಕ್ಕೆ ಹೆಚ್ಚು ಸುಖ. ಮೇಘಶ್ರೀ ಎಲ್ಲವನ್ನೂ ಕೇಳಿಸಿಕೊಂಡಳು.

ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬಂದ ಮೇಲೆ ಮಧು ಎಂದಿನಂತೆ ಜಗಲಿಯ ಮೂಲೆಯಲ್ಲಿ ಕೂತಿದ್ದ. ಅನಸೂಯಮ್ಮ ಎದ್ದು ಬಂದವರು ಅವನ ಕೈ ಹಿಡಿದು ಎಬ್ಬಿಸಿದರು. ನೆಂಟರಿಷ್ಟರೆಲ್ಲ ನೋಡುತ್ತಿರುವಾಗಲೇ ನಡುಮನೆ ದಾಟಿಸಿ ಅಡುಗೆಮನೆಗೆ ಕರೆದುಕೊಂಡು ಹೋಗಿ, ಅನಿಲ ಉಣ್ಣುತ್ತಿದ್ದ ಸ್ಟೀಲಿನ ತಟ್ಟೆಯನ್ನು ಅವನ ಮುಂದಿಟ್ಟರು. "ಆ ದೇಸ್ದಿಂದ ನನ್ ಮಗನ್ನ ಒಬ್ನೇ ಬುಡದೆ ಕರ್ಕ ಬಂದಿದೀಯ. ಇನ್ಮೇಲ್ ನೀ ಆಚೆ ಕೂರ್ಬ್ಯಾಡ ಕಣಪ್ಪ," ಎಂದರು. ತಿಮ್ಮಪ್ಪನವರು ಬಾಗಿಲಲ್ಲಿ ನಿಂತು ಹೂಂ ಎಂಬಂತೆ ತಲೆ ತೂಗಿದರು. ಮಧು ತಟ್ಟೆ ಖಾಲಿ ಮಾಡಿದ. ಆ ಮನೆಯೊಳಗೆ ಕೂತು ಉಣ್ಣುವ ಆಸೆ ಅವನಿಗೂ ಹದಿನೈದು ವರ್ಷದಿಂದ ಇತ್ತು, ಸುಳ್ಳು ಯಾಕೆ ಹೇಳಬೇಕು?

ಹನ್ನೊಂದರ ಕಾರ್ಯ ಮುಗಿದ ವಾರಕ್ಕೆ ಮೇಘಶ್ರೀಯ ಫೋನು ಬಂತು. "ಮಧಣ್ಣ, ಅತ್ತೆ ಊಟ ಬಿಟ್ಬಿಟ್ಟಿದಾರೆ. ಅರ್ಧ ಲೋಟ ಮಜ್ಜಿಗೆ, ಅಷ್ಟೆ. ಡಾಕ್ಟರು ಡ್ರಿಪ್ ಹಾಕಿದ್ರೆ ಕಿತ್ತಾಕ್ತಾರೆ. ನೀವು ಹೇಳಿದ್ರೆ ಕೇಳ್ತಾರೇನೋ." ಮತ್ತೆ ಹೇಳಿದಳು: "ನಾನು ಸ್ಕೂಲಿಗೆ ಹೋದೆ. ನನ್ ಕ್ಲಾಸ್ ಹುಡುಗ್ರೇ ಆ ಸೆಲ್ಫಿ ನ್ಯೂಸ್‌ನ ಗ್ರೂಪಲ್ಲಿ ಹಾಕ್ಕೊಂಡು ನಗ್ತಿದ್ರು. ಅವ್ರು ಅಂಥೋರಲ್ಲ ಅಂತ ಯಾರಿಗೆ ಅಂತ ಹೇಳ್ಲಿ?"

ಅವನು ಹೋದ. ಅನಸೂಯಮ್ಮ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಇಪ್ಪತ್ತು ದಿನದಲ್ಲಿ ಕೈ ಬಳೆಗಳು ಮೊಣಕೈಗೆ ಜಾರುವಷ್ಟು ಇಳಿದುಹೋಗಿದ್ದರು. ಊಟ ಮಾಡಿ ಎಂದು ಮಧು ಅನ್ನುವ ಮುಂಚೆಯೇ ಅವರು ಕೇಳಿದರು:

"ಅವತ್ತೂ ಅವ್ನು ನಂಗೇ ವಿಡಿಯೋ ತೆಗೀತಿದ್ದ, ಅಲ್ವಾ?"

ಮಧು ಮಂಚದ ಪಕ್ಕದಲ್ಲಿದ್ದ ಮಜ್ಜಿಗೆ ಲೋಟವನ್ನು ಅವರ ಹತ್ತಿರಕ್ಕೆ ಸರಿಸಿದ.

"ನಂಗೊತ್ತು ಕಣಪ್ಪ. ಊರೋರು ಸೆಲ್ಪಿ ಅಂತಾರೆ. ಅವನ್ಗೆ ಯಾವ್ ಸೆಲ್ಪಿ? ನಾನೇ ಅಲ್ವಾ ದಿನಾ ಕಳ್ಸು ದಿನಾ ಕಳ್ಸು ಅಂತ ಪ್ರಾಣ ತಿಂದಿದ್ದು. ಫೋನ್ ಇಡ್ಕಂಡು ನಿಂತ್ಕಂಡಿದ್ದುಕ್ಕೇ ಅವನ್ಗೆ ಓಡಕ್ ಆಗ್ನಿಲ್ಲ. ಹೆತ್ತೋಳೇ ಕೊಂದ್ಬುಟ್ಟೆ." ಅವರು ಅಳಲಿಲ್ಲ. ಪೇಟೆಯಲ್ಲಿ ತೆಂಗಿನಕಾಯಿ ಧಾರಣೆ ಹೇಳುವಷ್ಟು ಸಲೀಸಾಗಿ ಹೇಳಿದರು. "ಇಂಥ ಬಾಯ್ಗೆ ಅನ್ನ ಯಾಕೆ?"

ಅಲ್ಲೇ ಹೇಳಿಬಿಡಬೇಕಿತ್ತು. ಮಧು "ಅಂಗೆಲ್ಲ ಅನ್ಬ್ಯಾಡಿ ಅಮ್ಮಾ," ಎಂದಷ್ಟೇ ಹೇಳಿ ಎದ್ದು ಬಂದ. ತನ್ನ ಬಗ್ಗೆ ಅಷ್ಟು ಅಸಹ್ಯ ಅವನಿಗೆ ಮೋರಿಯೊಳಗೆ ಕೂತಿದ್ದಾಗಲೂ ಆಗಿರಲಿಲ್ಲ.

ಊರಿಗೆ ಬಂದವನು ಅಪ್ಪ ಕಾಳಯ್ಯನನ್ನು ಹಿತ್ತಲಿಗೆ ಕರೆದು, ಫೋನು ತೆಗೆದು, ವಿಡಿಯೋ ಹಾಕಿ ತೋರಿಸಿದ. ಅದನ್ನು ಅವನು ದನಿ ಕೇಳದ ಹಾಗೆ ಮಾಡಿಕೊಂಡು ಎಷ್ಟೋ ಸಲ ನೋಡಿದ್ದ. ದನಿ ಬಿಟ್ಟು ಕೇಳಿದ್ದು ಅವತ್ತೇ ಮೊದಲು. ಕೊನೆಯಲ್ಲಿ ಬರೀ ಆಕಾಶ ಕಾಣುತ್ತದೆ, ಓಡಿ ದೂರ ಹೋಗುವ ಚಪ್ಪಲಿ ಸದ್ದು ಕೇಳುತ್ತದೆ. ಆ ಸದ್ದು ತನ್ನದು. ಕಾಳಯ್ಯ ನೋಡಿ ಮುಗಿಸಿ ಫೋನನ್ನು ಮಗನ ಕೈಗೆ ವಾಪಸ್ ಇಟ್ಟ.

"ಇದ ತಕ್ಕೊಂಡೋಗಿ ಒಳೆಗ್ ಎಸ್ದ್ಬುಡು," ಎಂದ.

"ಆ ಯಮ್ಮ ತಾನೇ ಕೊಂದೆ ಅಂತ ಊಟ ಬುಟ್ಟವ್ಳೆ ಕಣಪ್ಪೋ."

"ಬುಟ್ಟೋರು ನಾಳಿಕ್ ಉಣ್ತಾರೆ. ನೀನ್ ಹೇಳ್ಬುಟ್ರೆ ಏನಾಯ್ತದೆ ಅಂತ ಗೊತ್ತೇನ್ಲಾ ನಿಂಗೆ? ಅವ್ರು ದೊಡ್ಡೋರು. ನಮ್ಮೋರಲ್ಲಿ ಇದುವರ್ಗೂ ಯಾರ್ನೂ ಆ ಮನೆ ಒಳಿಕ್ ಕರ್ದಿಲ್ಲ, ನಿನ್ನ ಕರ್ದವ್ರೆ. ಅವನೇ ಬೇಕಂತ ಕೊಲ್ಲುಸ್ದ ಅಂತ ಯಾವನಾದ್ರೂ ಒಬ್ಬ ಅಂದ್ರೆ ಸಾಕು, ಮುಗೀತು. ಸತ್ತೋನ್ ಬರಕ್ಕಿಲ್ಲ ಮಗಾ. ಇರೋನ್ ನೀನು." ಕಾಳಯ್ಯ ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ.

ಅಪ್ಪ ಎದ್ದುಹೋದ ಮೇಲೆ ಮಧು ಫೋನಿನ ಮೂಲೆಯಲ್ಲಿದ್ದ ಕಸದ ಬುಟ್ಟಿಯ ಗುರುತು ಒತ್ತಿದ. ಅಳಿಸಬೇಕೇ ಎಂದು ಫೋನು ಕೇಳಿತು. ಹೌದು, ಬೇಡ, ಎರಡೇ ಉತ್ತರ. ಹೌದು ಎಂದರೆ ನಾಳೆಯೂ ಆ ಅಡುಗೆಮನೆಯಲ್ಲಿ ಅವನಿಗೊಂದು ತಟ್ಟೆ, ಊರಿನಲ್ಲಿ ಅವನ ಮಾತಿಗೊಂದು ಬೆಲೆ, ಸತ್ತವನಿಗೆ ಸೆಲ್ಫಿಯ ಹೆಸರು, ಹೆತ್ತವಳಿಗೆ ಕೊಂದ ಹೆಸರು. ಹೆಬ್ಬೆರಳು ಗಾಜಿನ ಮೇಲೆ ಎಷ್ಟು ಹೊತ್ತು ನಿಂತಿತ್ತೋ, ಬೆಳಕು ತಾನಾಗಿ ಆರಿಹೋಯಿತು.

ಮಾರನೆಯ ದಿನ ಅರಕಲಗೂಡಿಗೆ ಬಂದು ಹೊಳೆನರಸೀಪುರದ ಬಸ್ಸು ಹತ್ತಿದ. ಹನ್ನೊಂದು ಗಂಟೆಗೆ ತಿಮ್ಮಪ್ಪನವರ ನಡುಮನೆಯಲ್ಲಿ ನಿಂತಿದ್ದ. ಅವತ್ತು ಭಾನುವಾರ, ಮೇಘಶ್ರೀಯೂ ಮನೆಯಲ್ಲಿದ್ದಳು. ಅವನು ಕೂರಲಿಲ್ಲ. ಫೋನನ್ನು ತೆಗೆದು ಅನಸೂಯಮ್ಮನ ಮಂಚದ ಮೇಲಿಟ್ಟ. ಅದರ ನೀಲಿ ಕವರಿನ ಗುರುತು ಹತ್ತಿ ಮೇಘಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು.

"ಪುಡಿ ಆಗೋಯ್ತು ಅಂದಿದ್ದೆ," ಎಂದರು ತಿಮ್ಮಪ್ಪನವರು.

"ಸುಳ್ಳು ಹೇಳಿದ್ದೆ ಗೌಡ್ರೆ. ಮೊದ್ಲು ಇದ ನೋಡ್ಬುಡಿ. ಆಮೇಲ್ ಏನ್ ಬೇಕಾದ್ರೂ ಮಾಡಿ."

ಅವನೇ ಹಾಕಿದ. "ಅಮ್ಮಾ, ಬದುಕಿವ್ನಿ" ಎಂಬ ದನಿ ಬಂದಾಗ ಅನಸೂಯಮ್ಮನ ಮೈ ಅಲುಗಿತು. ಹಿಂದಕ್ಕೆ ಹೋಗೋಣ ಎಂದು ಅನಿಲ ಹೇಳಿದಾಗ ಮೇಘಶ್ರೀ ಮಧುವಿನ ಮುಖ ನೋಡಿದಳು. ಆಮೇಲೆ ಅವನ ಮುಖದಿಂದ ಕಣ್ಣು ತೆಗೆಯಲೇ ಇಲ್ಲ. ಗೈಡಿನ ಮಾತು, ತೌಡಿನ ಮಾತು, ಅಲ್ಲಾಡಬೇಡ ಎಂಬ ಮಾತು ಒಂದಾದ ಮೇಲೊಂದು ನಡುಮನೆಯಲ್ಲಿ ಕೇಳಿಸಿದವು. ಸರಿ ಬುಡು, ನೀ ಹೇಳ್ದಂಗೆ. ಕೊನೆಗೆ ಆಕಾಶ, ಚಪ್ಪಲಿ ಸದ್ದು, ಒಂದು ಕೂಗು. ವಿಡಿಯೋ ಮುಗಿದಾಗ ಹಿತ್ತಲಿನಲ್ಲಿ ಆಳುಗಳು ಕಾಯಿ ಸುಲಿಯುವ ಸದ್ದು ಮಾತ್ರ ಉಳಿಯಿತು.

"ಕೊಂಬಿರ್ನಿಲ್ಲ," ಎಂದ ಮಧು. "ನಮ್ ಕಡೆ ಲೆಕ್ಕ ಅಲ್ಲಿಗ್ ಹಾಕ್ಬುಟ್ಟೆ. ಅವ್ನು ಓಗನ ಅಂದ, ನಾನ್ ನಿಲ್ಲುಸ್ದೆ. ನಿಲ್ಲುಸ್ಬುಟ್ಟು ನಾನ್ ಓಡೋದೆ."

ಮೊದಲು ಮಾತಾಡಿದವಳು ಮೇಘಶ್ರೀ. "ಸೆಲ್ಫಿ ಅಂತ ಯಾರು ಹೇಳಿದ್ದು?"

"ಪೊಲೀಸ್ನೋನು ಕೇಳ್ದ ಅಕ್ಕಾ. ನಾನು ಹೂಂ ಅಂತ ತಲೆ ಆಡುಸ್ದೆ."

"ಆನೆ ವಿಷಯದಲ್ಲಿ ತಪ್ಪು ಯಾರಿಗಾದ್ರೂ ಆಗುತ್ತೆ," ಎಂದಳು ಅವಳು, ಒಂದೊಂದೇ ಮಾತನ್ನು ಹೆಕ್ಕಿ ತೆಗೆಯುವಂತೆ. "ಹೆದರಿ ಓಡೋದೂ ಆಗುತ್ತೆ. ಆದ್ರೆ ಈ ಇಪ್ಪತ್ತು ದಿನ ಊರೆಲ್ಲ ನಗ್ತಿದ್ದಾಗ, ನೀವು ನಮ್ಮನೇಲಿ, ಅವ್ರ ತಟ್ಟೇಲಿ ಊಟ ಮಾಡ್ತಿದ್ರಿ." ಮುಂದೆ ಹೇಳಲಾರದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ತಿಮ್ಮಪ್ಪನವರು ಎದ್ದು ನಿಂತರು. ಹೊಡೆಯುತ್ತಾರೆ ಎಂದುಕೊಂಡ ಮಧು. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಅವನ ಕಡೆ ನೋಡದೆ, "ಆಚಿಕ್ ನಡಿ. ನಮ್ಮನೆ ಒಸ್ಲು ಇನ್ ತುಳೀಬ್ಯಾಡ," ಎಂದರು.

ಮಧು ತಿರುಗಿದ.

"ನಿಂತ್ಕೊ," ಎಂದರು ಅನಸೂಯಮ್ಮ. ದನಿ ಸಣ್ಣದಾಗಿತ್ತು, ಆದರೆ ಅವರ ಗಂಡನೂ ಸುಮ್ಮನಾದರು. ಅನಸೂಯಮ್ಮ ಫೋನಿನ ಗಾಜಿನ ಗೀರನ್ನು ಬೆರಳಿನಿಂದ ಸವರಿದರು. "ಅಂಗಾರೆ ನನ್ನಿಂದ ಅಲ್ಲ."

"ನಿಮ್ಮಿಂದ ಅಲ್ಲ ಅಮ್ಮಾ. ನನ್ನಿಂದ."

ಅವರು ಮಂಚದಿಂದ ಕಾಲು ಕೆಳಗಿಟ್ಟು, ಗೋಡೆ ಹಿಡಿದುಕೊಂಡು ತಾವೇ ಅಡುಗೆಮನೆಗೆ ಹೋದರು. ಪಾತ್ರೆಯ ಸದ್ದಾಯಿತು. ಒಂದು ತಟ್ಟೆಯಲ್ಲಿ ಅನ್ನ ಮಜ್ಜಿಗೆ ಕಲಸಿಕೊಂಡು ಬಂದು, ಮಂಚದ ಮೇಲೆ ಕೂತು, ಮಧುವಿನ ಎದುರಿಗೇ ಒಂದು ತುತ್ತು ಬಾಯಿಗಿಟ್ಟರು. ನುಂಗಲಾಗದೆ ಕಷ್ಟಪಟ್ಟರು, ನುಂಗಿದರು. ಇನ್ನೊಂದು ತುತ್ತು. ಮತ್ತೊಂದು. ನಿಂತವನನ್ನು ಕೂತುಕೋ ಎನ್ನಲಿಲ್ಲ, ಉಣ್ಣುತ್ತೀಯಾ ಎಂದು ಕೇಳಲಿಲ್ಲ. ತಿಮ್ಮಪ್ಪನವರು ಗೋಡೆಯ ಕಡೆ ತಿರುಗಿ ನಿಂತು ಅಳುತ್ತಿದ್ದರು. ಬೆರಳುಗಳನ್ನು ತಟ್ಟೆಯ ಅಂಚಿಗೆ ಸವರಿ ಅನಸೂಯಮ್ಮ ತಲೆ ಎತ್ತಿದರು.

"ನಿನ್ ದನಿ ಬುಟ್ಟು ಅವನ್ದೊಂದೇ ಹಾಕಕ್ ಆಯ್ತದಾ?"

"ಆಗಕ್ಕಿಲ್ಲ ಅಮ್ಮಾ. ಎರಡೂ ಒಂದ್ರಲ್ಲೇ ಸೇರ್ಕಂಡವೆ. ಮೊದ್ಲು ಒಂಚೂರು ಅವನ್ದೇ ಅದೆ. ಅಷ್ಟಕ್ಕೇ ನಿಲ್ಲುಸ್ತೀನಿ ಬೇಕಾದ್ರೆ."

"ಒಂಚೂರು ಸಾಲಕ್ಕಿಲ್ಲ ನಂಗೆ. ಕೊನೆಗೂ ಅವ್ನು ಕೂಗ್ತಾನೆ." ಅವರು ತಟ್ಟೆಯನ್ನು ಪಕ್ಕಕ್ಕಿಟ್ಟರು. "ಅಮ್ಮಾ ಅನ್ನಿಲ್ಲ. ನಿನ್ನ ಕೂಗ್ದ."

ಅವರು ಫೋನನ್ನು ಮಧುವಿನ ಕಡೆ ಸರಿಸಿದರು.

"ಪೂರಾ ಹಾಕು," ಎಂದರು.

ಅವನು ಬಗ್ಗಿ ಹಾಕಿದ. ಈ ಸಲ ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ಇನ್ನೊಂದು ಸಲ ಎಂದರು, ಅವನು ಮತ್ತೆ ಹಾಕಿದ. ನಾಲ್ಕನೆಯ ಸಲ ಮುಗಿದ ಮೇಲೆ ಅವರು ಕಣ್ಣು ತೆರೆದರು.

"ಸಾಕು ಇವತ್ತಿಗೆ. ನಾಳೆ ಇಷ್ಟೊತ್ಗೆ ಬಾ."

"ಗೌಡ್ರು ಒಸ್ಲು ತುಳೀಬ್ಯಾಡ ಅಂದವ್ರೆ ಅಮ್ಮಾ. ಫೋನ್ ಇಲ್ಲೇ ಇರ್ತದಲ್ಲಾ, ಮೇಘಕ್ಕಂಗೆ ಹಾಕಕ್ ಬತ್ತದೆ."

"ಬತ್ತದೆ," ಎಂದರು ಅನಸೂಯಮ್ಮ. "ನಂಗೂ ಬತ್ತದೆ. ಆದ್ರೆ ನಾನ್ ಬದ್ಕಿರೋಗಂಟ ದಿನಾ ನೀನೇ ಬಂದು ಹಾಕ್ಬೇಕು."